ಪಾಂಡಾ ಎದ್ದಿರುವ ಹೊತ್ತು

ಚೀನಾ ಪ್ರವಾಸದ ಕರಪತ್ರಗಳನ್ನು ನಾಲ್ಕೈದು ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಊರುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಇರುತ್ತದೆ: ಬೀಜಿಂಗ್, ಶಿಯಾನ್, ಚೆಂಗ್ಡು, ಶಾಂಘೈ. ಊಟ, ಹೋಟೆಲು, ಬಸ್ಸು ಎಲ್ಲವೂ ಒಂದೇ ಥರ. ಚೆಂಗ್ಡು ಪುಟಕ್ಕೆ ಬಂದಾಗ ಮಾತ್ರ ಒಂದು ಸಾಲು ಕಣ್ಣಿಗೆ ಚುಚ್ಚುತ್ತದೆ. "ಬೆಳಗ್ಗೆ ನಗರ ದರ್ಶನ, ಊಟದ ನಂತರ ಪಾಂಡಾ ಕೇಂದ್ರ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ." ಮಕ್ಕಳಿರುವ ಎಷ್ಟೋ ಮನೆಯವರು ಪಾಂಡಾಕ್ಕೆಂದೇ ಈ ಪ್ರವಾಸ ಆರಿಸಿರುತ್ತಾರೆ. ಆ ಪಾಂಡಾವನ್ನು ಮಧ್ಯಾಹ್ನ ಎರಡು ಗಂಟೆಗೆ ತೋರಿಸಲು ಕರೆದೊಯ್ದರೆ ಕಾಣುವುದು ಗಾಜಿನಾಚೆ ಮಗ್ಗುಲಾಗಿ ಬಿದ್ದಿರುವ ಕಪ್ಪುಬಿಳಿ ಗಂಟು ಮಾತ್ರ. ಮುಖ ಆ ಕಡೆ, ಬೆನ್ನು ಈ ಕಡೆ. "ಬರೀ ಮಲಗಿತ್ತು" ಎನ್ನುತ್ತಾ ಮಕ್ಕಳು ಹೊರಬರುತ್ತಾರೆ. ಪಾಂಡಾ ಸೋಮಾರಿ ಎಂಬ ಮಾತು ಹುಟ್ಟುವುದೂ ಹೀಗೇ.

ಪಾಂಡಾ ಸೋಮಾರಿಯಲ್ಲ. ಅದರ ದಿನಚರಿ ಬೇರೆ, ಬಸ್ಸಿನ ದಿನಚರಿ ಬೇರೆ. ಮಾರ್ಗದರ್ಶಿಯ ಜೊತೆ ಗುಂಪಿನಲ್ಲಿ ಹೋಗುವ ಪ್ರವಾಸಕ್ಕೆ ಸಾಕಷ್ಟು ಅನುಕೂಲಗಳಿವೆ. ಭಾಷೆ ಬಾರದ ದೇಶದಲ್ಲಿ ವಯಸ್ಸಾದ ತಂದೆತಾಯಿಯರನ್ನು ಕರೆದುಕೊಂಡು ಹೋಗುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ದುಡ್ಡು ಕಟ್ಟುವ ಮೊದಲು ಸ್ಥಳಗಳ ಪಟ್ಟಿಗಿಂತ ಗಂಟೆಗಳ ಪಟ್ಟಿಯನ್ನು ಓದಬೇಕು. ಯಾವ ಊರು ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದೇ ಈ ಪ್ರವಾಸದಲ್ಲಿ ನಿಮಗೆ ಏನು ದಕ್ಕುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.

ಏಳೂವರೆಗೆ ಗೇಟಿನಲ್ಲಿ

ಪಾಂಡಾದ ಹೊಟ್ಟೆ ಮಾಂಸಾಹಾರಿಯ ಹೊಟ್ಟೆ. ಕರುಳು ಗಿಡ್ಡ, ಹಸುವಿನ ಹಾಗೆ ಮೆಲುಕು ಹಾಕಿ ನಾರನ್ನು ಕರಗಿಸುವ ಏರ್ಪಾಡು ಅದಕ್ಕಿಲ್ಲ. ಆದರೆ ತಿನ್ನುವುದು ಬಿದಿರು. ತಿಂದದ್ದರಲ್ಲಿ ಶೇಕಡಾ 17ರ ಆಸುಪಾಸು ಮಾತ್ರ ಮೈಗೆ ಹತ್ತುತ್ತದೆ, ಉಳಿದದ್ದೆಲ್ಲ ಹಸಿರು ಲದ್ದಿಯಾಗಿ ಹೊರಗೆ. ಹಾಗಾಗಿ ಬದುಕಲು ದಿನಕ್ಕೆ 12ರಿಂದ 38 ಕಿಲೋ ಬಿದಿರು ಬೇಕು. ಎಲೆ, ಕಾಂಡ, ಕಳಲೆ ಯಾವುದು ಎನ್ನುವುದರ ಮೇಲೆ ಈ ತೂಕ ಏರಿಳಿಯುತ್ತದೆ. ಅಷ್ಟನ್ನು ಅಗಿಯಲು 10ರಿಂದ 14 ಗಂಟೆ ಹಿಡಿಯುತ್ತದೆ. ಮಿಕ್ಕ ಹೊತ್ತೆಲ್ಲ ನಿದ್ದೆ. ಇಷ್ಟು ಕಡಿಮೆ ಸತ್ವದ ಆಹಾರ ತಿಂದು ಸುಮ್ಮನೆ ಓಡಾಡಿದರೆ ಪೂರೈಸುವುದಿಲ್ಲ.

ಚೆಂಗ್ಡುವಿನ ಪಾಂಡಾ ಸಂವರ್ಧನಾ ಸಂಶೋಧನಾ ಕೇಂದ್ರ ನಗರದ ಮಧ್ಯದಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್. ವಾಡಿಕೆಯಂತೆ ಗೇಟು ತೆರೆಯುವುದು ಬೆಳಗ್ಗೆ ಏಳೂವರೆಗೆ. ಆ ಹೊತ್ತಿಗೆ ಪಾಲಕರು ಹೊಸ ಬಿದಿರು ಹಾಕಿರುತ್ತಾರೆ. ಒಂಬತ್ತೂವರೆ, ಹತ್ತರವರೆಗೆ ಊಟ, ಆಟ, ಮರ ಹತ್ತುವುದು. ಆಮೇಲೆ ಒಂದೊಂದಾಗಿ ಅಡ್ಡ ಬೀಳುತ್ತವೆ. ಬಿಸಿಲು ಏರಿ 26 ಡಿಗ್ರಿ ದಾಟಿದರೆ ಅವುಗಳನ್ನು ಹವಾನಿಯಂತ್ರಿತ ಕೋಣೆಗೆ ಸೇರಿಸುತ್ತಾರೆ. ದಪ್ಪ ತುಪ್ಪಳದ ಬೆಟ್ಟದ ಪ್ರಾಣಿ, ಸೆಕೆ ತಡೆಯುವುದಿಲ್ಲ. ಒಳಗೆ ಸೇರಿದ ಮೇಲೆ ಗಾಜಿನ ಮುಂದೆ ಜನರ ಸಾಲು, ಮೊಬೈಲುಗಳ ಕಾಡು.

ಗುಂಪುಗಳು ಮಧ್ಯಾಹ್ನ ಹೋಗುವುದಕ್ಕೆ ಕಾರಣ ಸರಳ. ಟಿಕೆಟ್ಟನ್ನು ಮುಂಚಿತವಾಗಿ, ಪ್ರತಿಯೊಬ್ಬರ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು, ಹೆಸರಿನಲ್ಲೇ ತೆಗೆಯಬೇಕು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡು ಭಾಗ. ಬೆಳಗಿನದು ಬೇಗ ಖಾಲಿಯಾಗುತ್ತದೆ. ಮೂವತ್ತು ಜನರ ಪಾಸ್‌ಪೋರ್ಟ್ ವಿವರ ಒಟ್ಟು ಮಾಡುವುದರಲ್ಲಿ ತಡ ಮಾಡಿದ ಸಂಸ್ಥೆಗೆ ಉಳಿಯುವುದು ಮಧ್ಯಾಹ್ನದ್ದೇ. ಆದ್ದರಿಂದ ಮುಂಗಡ ಕೊಡುವಾಗಲೇ ಕೇಳಬೇಕಾದ ಪ್ರಶ್ನೆ ಒಂದೇ: "ಪಾಂಡಾ ಟಿಕೆಟ್ ಬೆಳಗಿನದಾ, ಮಧ್ಯಾಹ್ನದ್ದಾ? ಬರೆದುಕೊಡ್ತೀರಾ?" ಬರೆದುಕೊಡಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕ ಹಾಗೆ.

ಏಳೂವರೆಗೆ ಗೇಟಿನಲ್ಲಿರಬೇಕಾದರೆ ನಗರದ ನಡುವಿನ ಹೋಟೆಲಿನಿಂದ ಆರೂವರೆಗೆ ಬಸ್ಸು ಹೊರಡಬೇಕು. ಅಷ್ಟು ಹೊತ್ತಿಗೆ ಹೋಟೆಲಿನ ತಿಂಡಿ ತಯಾರಿರುವುದಿಲ್ಲ. ಹಿಂದಿನ ರಾತ್ರಿಯೇ ಹೇಳಿ ಪೊಟ್ಟಣ ಕಟ್ಟಿಸಿಕೊಳ್ಳಬೇಕು. ಗುಂಪು ತಡವಾಗುವುದು ಬಹುತೇಕ ಈ ತಿಂಡಿಯ ಮೇಜಿನಲ್ಲೇ. ಇನ್ನೊಂದು ವಿಷಯ, ಇಡೀ ಚೀನಾಕ್ಕೆ ಒಂದೇ ಗಡಿಯಾರ, ನಮಗಿಂತ ಎರಡೂವರೆ ಗಂಟೆ ಮುಂದೆ. ಚೆಂಗ್ಡು ಬೀಜಿಂಗ್‌ಗಿಂತ ತುಂಬ ಪಶ್ಚಿಮಕ್ಕಿರುವುದರಿಂದ ಡಿಸೆಂಬರ್–ಜನವರಿಯಲ್ಲಿ ಅಲ್ಲಿ ಬೆಳಕು ಹರಿಯುವುದೇ ಎಂಟರ ಸುಮಾರಿಗೆ. ಕತ್ತಲಲ್ಲಿ ಬಸ್ಸು ಹತ್ತಿಸಿದರೆಂದು ಚಳಿಗಾಲದಲ್ಲಿ ಮುನಿಸಿಕೊಳ್ಳಬೇಡಿ. ಆ ತಿಂಗಳುಗಳಲ್ಲಿ ಪಾಂಡಾ ಹಗಲೆಲ್ಲ ಹೊರಗೇ ಇರುತ್ತದೆ, ಹತ್ತು ಗಂಟೆಯ ಗಡುವೂ ಅಷ್ಟು ಬಿಗಿಯಲ್ಲ.

ಕೇಂದ್ರ ಈಗ ಮೊದಲಿಗಿಂತ ಬಹಳ ದೊಡ್ಡದು. ಹಳೆಯ ಭಾಗ ದಕ್ಷಿಣದ ಗೇಟಿನ ಕಡೆ, ವಿಸ್ತರಿಸಿದ ಹೊಸ ಭಾಗ ಪಶ್ಚಿಮದ ಗೇಟಿನ ಕಡೆ. ಎಲ್ಲವನ್ನೂ ನಡೆದೇ ನೋಡುವುದಾದರೆ ಐದಾರು ಕಿಲೋಮೀಟರ್, ಅದೂ ಏರುತಗ್ಗು. ಮಂಡಿನೋವಿನವರಿಗೆ ಒಳಗೆ ಓಡುವ ಬ್ಯಾಟರಿ ಗಾಡಿ ಇದೆ, ಟಿಕೆಟ್ ಬೇರೆ. ಇಲ್ಲಿಯ ಹೆ ಹುವಾ ಎಂಬ ಹೆಣ್ಣು ಪಾಂಡಾ 2020ರ ಜುಲೈನಲ್ಲಿ ಹುಟ್ಟಿದ್ದು. ಗಿಡ್ಡ ಕಾಲು, ತ್ರಿಕೋನದ ಮೈಕಟ್ಟು, ಮೆಲ್ಲಗಿನ ನಡೆ. ಚೀನಾದವರೆಲ್ಲ ಅದನ್ನು ಹುವಾ ಹುವಾ ಎಂದು ಮುದ್ದಿನಿಂದ ಕರೆದು ಊರಿಗೆ ಊರೇ ಅದನ್ನು ನೋಡಲು ಸಾಲು ನಿಲ್ಲುತ್ತದೆ. ಗಂಟೆಗಟ್ಟಲೆ ಕಾದು ಕೆಲವೇ ನಿಮಿಷ ನೋಡಿ ಮುಂದೆ ಸಾಗಬೇಕು. ಮೂರು ಗಂಟೆಯ ಅವಕಾಶವಿರುವ ಗುಂಪು ಆ ಸಾಲಿಗೆ ನಿಂತರೆ ಬೇರೆ ಪಾಂಡಾಗಳೆಲ್ಲ ತಿಂದು ಮಲಗಿರುತ್ತವೆ. ಆ ಸಾಲನ್ನು ಬಿಟ್ಟುಬಿಡುವುದೇ ಮೇಲು. ಜನ ಕಡಿಮೆ ಇರುವ ಒಂದು ಆವರಣದ ಮುಂದೆ ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತರೆ ಕಾಣುವುದೇ ಬೇರೆ.

ಏನು ಕಾಣುತ್ತದೆ? ಪಾಂಡಾ ಮೊದಲು ಕೂರುತ್ತದೆ. ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿದ ಹಾಗೆ ಮರದ ಅಟ್ಟಣೆಗೆ ಬೆನ್ನು ಕೊಟ್ಟು, ಬಿದಿರಿನ ಗಳಗಳನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತದೆ. ಒಂದನ್ನು ಎತ್ತಿ ಮೂಸಿ, ಬೇಡವೆನಿಸಿದರೆ ಪಕ್ಕಕ್ಕೆ ಎಸೆಯುತ್ತದೆ. ಹಿಡಿಯುವ ಕೈಯನ್ನು ಗಮನಿಸಬೇಕು: ಐದು ಬೆರಳಿನ ಜೊತೆಗೆ ಮಣಿಕಟ್ಟಿನ ಒಂದು ಮೂಳೆ ಉಬ್ಬಿ ಹೆಬ್ಬೆರಳಿನಂತೆ ಕೆಲಸ ಮಾಡುತ್ತದೆ, ಗಳ ಅದರ ಸಂದಿನಲ್ಲಿ ಕೂತುಬಿಡುತ್ತದೆ. ಕಾಂಡವನ್ನು ಬಾಯಿಯ ಬದಿಗೆ ಕೊಟ್ಟು ಹಸಿರು ಸಿಪ್ಪೆಯನ್ನು ಹಲ್ಲಿನಿಂದ ಸೀಳಿ ಸರ್ರನೆ ಎಳೆದು ಬಿಸಾಡುತ್ತದೆ; ಸಿಪ್ಪೆಯ ಎಳೆಗಳು ಎದೆಯ ಮೇಲೆ ರಾಶಿ ಬೀಳುತ್ತವೆ. ಒಳಗಿನ ಬಿಳಿ ಭಾಗವನ್ನು ಕಟಕಟ ಕಚ್ಚುವ ಸದ್ದು ಹತ್ತಡಿ ದೂರಕ್ಕೂ ಕೇಳುತ್ತದೆ. ಎಲೆ ತಿನ್ನುವ ಕ್ರಮ ಬೇರೆ. ಕೊಂಬೆಯಿಂದ ಎಲೆಗಳನ್ನು ಬಾಯಿಯಲ್ಲೇ ಕಿತ್ತು ಕಿತ್ತು ಬಾಯಿಯ ಒಂದು ಮೂಲೆಯಲ್ಲಿ ಕೂಡಿಡುತ್ತದೆ. ಸಾಕಷ್ಟು ಆದ ಮೇಲೆ ಆ ಕಟ್ಟನ್ನು ಕೈಗೆ ತೆಗೆದುಕೊಂಡು, ವೀಳ್ಯದೆಲೆಯ ಕವಳೆಯಂತೆ ಒಟ್ಟಾಗಿ ಹಿಡಿದು, ತುದಿಯಿಂದ ಕಚ್ಚುತ್ತಾ ಬರುತ್ತದೆ. ಈ ಕೆಲಸದಲ್ಲಿ ಆತುರವೂ ಇಲ್ಲ, ವ್ಯರ್ಥವೂ ಇಲ್ಲ. ಇದನ್ನು ನೋಡಿದವರು ಮತ್ತೆ ಅದನ್ನು ಸೋಮಾರಿ ಎನ್ನಲಾರರು.

ಯಾವ ತಿಂಗಳು

ಮರಿಗಳು ಹುಟ್ಟುವುದು ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್ ಒಳಗೆ. ಹುಟ್ಟಿದ ಮರಿ 100 ಗ್ರಾಂ ಆಸುಪಾಸು, ಗುಲಾಬಿ ಬಣ್ಣ, ಕಣ್ಣು ಮುಚ್ಚಿರುತ್ತದೆ. ತಾಯಿಯ ತೂಕದ ಸುಮಾರು ಒಂಬೈನೂರರಲ್ಲಿ ಒಂದು ಪಾಲು. ಕಪ್ಪು ಮಚ್ಚೆ ಮೂಡಲು ವಾರ ಬೇಕು, ಕಣ್ಣು ಬಿಡಲು ಒಂದೂವರೆ ಎರಡು ತಿಂಗಳು. ಮೂರು ತಿಂಗಳ ನಂತರ ತಪ್ಪು ಹೆಜ್ಜೆ ಹಾಕುತ್ತದೆ. ಸಾಲಾಗಿ ಮಲಗಿಸಿದ ಮರಿಗಳನ್ನು ನೋಡಬೇಕಾದರೆ ಆಗಸ್ಟ್, ಸೆಪ್ಟೆಂಬರ್. ಬಿದ್ದು ಏಳುವ ಮರಿಗಳನ್ನು ನೋಡಬೇಕಾದರೆ ನವೆಂಬರ್ ನಂತರ. ಜುಲೈ ಆಗಸ್ಟ್‌ನಲ್ಲಿ ಚೀನಾದ ಶಾಲೆಗಳಿಗೂ ರಜೆ, ಸೆಕೆಯೂ ಹೆಚ್ಚು.

ಕರ್ನಾಟಕದ ಮನೆಗಳಿಗೆ ಇಲ್ಲೊಂದು ಬಲೆ ಇದೆ. ಮಕ್ಕಳಿಗೆ ಹತ್ತು ಹದಿನೈದು ದಿನ ಒಟ್ಟಿಗೆ ಸಿಗುವುದು ದಸರಾ ರಜೆಯಲ್ಲಿ. ಚೀನಾದಲ್ಲಿ ಅಕ್ಟೋಬರ್ 1ರಿಂದ 7ರವರೆಗೆ ರಾಷ್ಟ್ರೀಯ ದಿನದ ರಜೆ, ಇಡೀ ದೇಶವೇ ರಸ್ತೆಗಿಳಿಯುವ ವಾರ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಿತ್ತು. ಆ ವಾರ ಹೊರಟ ಗುಂಪಿಗೆ ಮಹಾಗೋಡೆಯ ಮೇಲೂ ಪಾಂಡಾದ ಮುಂದೆಯೂ ಜನರ ಬೆನ್ನೇ ನೋಟ. ಪಂಚಾಂಗ ನೋಡಿ ದಸರಾ ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಅಕ್ಟೋಬರ್ 10ರ ನಂತರ ಬಿದ್ದರೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ: ಹವೆ ತಂಪು, ಜನ ವಿರಳ. ಬೇಸಿಗೆ ರಜೆಯಲ್ಲಾದರೆ ಏಪ್ರಿಲ್ ಮಧ್ಯಭಾಗ ಚೆನ್ನ, ಮೇ 1ರಿಂದ 5ರ ಕಾರ್ಮಿಕರ ರಜೆಯನ್ನು ತಪ್ಪಿಸಬೇಕು. ವಸಂತದಲ್ಲಿ ಕಳಲೆ ಬರುವ ಕಾಲ, ಪಾಂಡಾಕ್ಕೆ ಹಬ್ಬದೂಟ. ನಮ್ಮ ಮಲೆನಾಡಿನವರ ಹಾಗೆ ನೆನೆಹಾಕಿ ಕಹಿ ತೆಗೆಯುವ ಗೊಡವೆ ಅದಕ್ಕಿಲ್ಲ.

ಆರು ಪಾಂಡಾಗಳಿಂದ

ಗುಂಪಿನ ಮಾರ್ಗದರ್ಶಿ ಹೇಳಲೇಬೇಕಾದದ್ದು ಮತ್ತು ಹೆಚ್ಚಾಗಿ ಹೇಳದೆ ಬಿಡುವುದು ಈ ಕೇಂದ್ರ ಯಾಕೆ ಹುಟ್ಟಿತು ಎಂಬ ಕಥೆ. ಬಿದಿರು ಬಹುಕಾಲಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ, ಒಟ್ಟಿಗೆ ಸಾಯುವ ಹುಲ್ಲು. ನಮ್ಮ ಕಾಡಂಚಿನ ಊರುಗಳಲ್ಲಿ ಬಿದಿರಕ್ಕಿ ಆರಿಸಿದವರಿಗೆ, ಆಮೇಲೆ ಇಡೀ ಮೆಳೆ ಒಣಗಿ ನಿಂತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 1970ರ ದಶಕದ ಮಧ್ಯದಲ್ಲಿ ಮಿನ್ ಪರ್ವತಗಳಲ್ಲಿ ಹೀಗೆ ಬಿದಿರು ಹೂಬಿಟ್ಟು ಒಣಗಿದಾಗ 138 ಪಾಂಡಾಗಳ ಕಳೇಬರ ಸಿಕ್ಕಿತು. 1983ರಲ್ಲಿ ಚಿಯೋಂಗ್ಲಾಯ್ ಪರ್ವತಗಳಲ್ಲಿ ಮತ್ತೆ ಅದೇ ಆಯಿತು. ಹಿಂದಿನ ಕಾಲದಲ್ಲಿ ಒಂದು ಬೆಟ್ಟದ ಬಿದಿರು ಸತ್ತರೆ ಪಾಂಡಾ ಕೆಳಗಿಳಿದು ಇನ್ನೊಂದು ಜಾತಿಯ ಬಿದಿರಿರುವ ಕಣಿವೆಗೆ ಹೋಗುತ್ತಿತ್ತು. ಈಗ ಕಣಿವೆಯಲ್ಲಿ ಹೊಲ, ಊರು, ರಸ್ತೆ. ಹಾಗೆ ಹಸಿವು, ಕಾಯಿಲೆಯಿಂದ ಬಳಲುತ್ತಿದ್ದಾಗ ಕಾಡಿನಿಂದ ತಂದ 6 ಪಾಂಡಾಗಳನ್ನಿಟ್ಟುಕೊಂಡು 1987ರಲ್ಲಿ ಚೆಂಗ್ಡು ಕೇಂದ್ರ ಶುರುವಾಯಿತು.

ಸಂತಾನ ಬೆಳೆಸುವುದು ಸುಲಭವಿರಲಿಲ್ಲ. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಮ್ಮೆ, ವಸಂತದಲ್ಲಿ. ಗರ್ಭ ಕಟ್ಟುವ ಅವಕಾಶ ಒಂದರಿಂದ ಮೂರು ದಿನ. ಬಸುರಿಯೋ ಅಲ್ಲವೋ ಕೊನೆಯವರೆಗೂ ಖಚಿತವಾಗುವುದಿಲ್ಲ, ಯಾಕೆಂದರೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳದೆ ಬಹಳ ದಿನ ತೇಲುತ್ತಾ ಇರುತ್ತದೆ. ಹೆರಿಗೆಗಳಲ್ಲಿ ಅರ್ಧದಷ್ಟು ಅವಳಿ. ಕಾಡಿನಲ್ಲಿ ತಾಯಿ ಸಾಮಾನ್ಯವಾಗಿ ಒಂದನ್ನು ಮಾತ್ರ ಎತ್ತಿಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ, ಎರಡಕ್ಕಾಗುವಷ್ಟು ಹಾಲೂ ಬಲವೂ ಅದಕ್ಕಿಲ್ಲ. ಪಾಲಕರು ಕಂಡುಕೊಂಡ ಉಪಾಯವೆಂದರೆ ಮರಿ ಬದಲಿಸುವುದು. ಒಂದು ಮರಿ ತಾಯಿಯ ಎದೆಯಲ್ಲಿ, ಇನ್ನೊಂದು ಬೆಚ್ಚನೆಯ ಪೆಟ್ಟಿಗೆಯಲ್ಲಿ. ತಾಯಿಗೆ ಜೇನು ಬೆರೆಸಿದ ನೀರಿನ ಬಟ್ಟಲು ಹಿಡಿದು, ಅದು ನೆಕ್ಕುತ್ತಿರುವಾಗ ಮರಿಯನ್ನು ಮೆಲ್ಲನೆ ತೆಗೆದು ಇನ್ನೊಂದನ್ನು ಇಡುತ್ತಾರೆ. ಹಗಲು ರಾತ್ರಿ, ದಿನಕ್ಕೆ ಹಲವು ಸಲ. ಎರಡಕ್ಕೂ ತಾಯಿಹಾಲು, ಎರಡಕ್ಕೂ ತಾಯಿಯ ಮೈಶಾಖ. ಪೆಟ್ಟಿಗೆಯಲ್ಲಿರುವ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸವನ್ನು ಪಾಲಕರು ಒದ್ದೆ ಹತ್ತಿಯಿಂದ ಮಾಡಿಸುತ್ತಾರೆ. ಮರಿಗಳ ಮನೆಯ ಗಾಜಿನ ಮುಂದೆ ನಿಂತಾಗ ಈ ಕೆಲಸ ನೆನಪಿದ್ದರೆ ನೋಟ ಬೇರೆಯಾಗುತ್ತದೆ.

ಕಾಡಿನ ಪಾಂಡಾಗಳ ಎಣಿಕೆ 1980ರ ದಶಕದಲ್ಲಿ 1,114ಕ್ಕೆ ಇಳಿದಿತ್ತು. ನಾಲ್ಕನೇ ಗಣತಿಯ ವರದಿ ಬಂದಾಗ 1,864. 2016ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಇಳಿಸಿ ಅಪಾಯಕ್ಕೀಡಾಗಬಲ್ಲ ಜಾತಿ ಎಂದು ಸೇರಿಸಲಾಯಿತು. ಎಣಿಸುವುದು ಹೇಗೆ? ಪಾಂಡಾ ಕಣ್ಣಿಗೆ ಬೀಳುವುದಿಲ್ಲ, ಲದ್ದಿ ಬೀಳುತ್ತದೆ. ಲದ್ದಿಯಲ್ಲಿರುವ ಬಿದಿರಿನ ತುಂಡುಗಳ ಉದ್ದ ಒಂದೊಂದು ಪಾಂಡಾಕ್ಕೆ ಒಂದೊಂದು ಅಳತೆ, ಅದರ ಕಡಿತದ ಗುರುತು. ಹು ಜಿನ್‌ಚು ಎಂಬ ಪ್ರಾಣಿವಿಜ್ಞಾನಿ ಈ ತುಂಡುಗಳನ್ನು ಅಳೆದು ಇದು ಅದೇ ಪಾಂಡಾ, ಇದು ಬೇರೆ ಎಂದು ಹೇಳುವ ಕ್ರಮ ಕಟ್ಟಿದರು. ಈಚೆಗೆ ಲದ್ದಿಯ ಡಿಎನ್ಎ ಪರೀಕ್ಷೆಯೂ ಜೊತೆಗೆ ಸೇರಿದೆ.

"ಪಾಂಡಾ ಎತ್ತಿಕೊಂಡು ಫೋಟೋ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಾಲದಲ್ಲಿ ದೊಡ್ಡ ಮೊತ್ತಕ್ಕೆ ಅದು ನಡೆಯುತ್ತಿತ್ತು, ಈಗ ಇಲ್ಲ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ 2014ರ ಕೊನೆಯಲ್ಲಿ ಶಾನ್ಶಿ ಪ್ರಾಂತ್ಯದ ಒಂದು ಕೇಂದ್ರಕ್ಕೆ ಹೊಕ್ಕು ಕೆಲವು ಪಾಂಡಾಗಳನ್ನು ಕೊಂದಿತು; ಹೊರಗಿನ ಸೋಂಕು ಎಷ್ಟು ಅಪಾಯ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮರಿ ಎಬ್ಬಿಸಲು ಗಾಜು ಬಡಿಯುವುದು, ಕೂಗುವುದು, ತಿಂಡಿ ಎಸೆಯುವುದು ಮಾಡಿದವರನ್ನು ಕೇಂದ್ರದವರು ಹೊರಹಾಕುತ್ತಾರೆ. ಅದು ಸರಿಯಾದ ಕೆಲಸ. ಅಂದಹಾಗೆ ಅದೇ ಆವರಣದಲ್ಲಿ ಕೆಂಪು ಪಾಂಡಾಗಳೂ ಇವೆ, ಕೆಲವೆಡೆ ದಾರಿಗೆ ಅಡ್ಡವಾಗಿಯೇ ಓಡಾಡುತ್ತವೆ. ಹೆಸರು ಒಂದೇ ಆದರೂ ಹತ್ತಿರದ ನೆಂಟರಲ್ಲ. ಕೆಂಪು ಪಾಂಡಾ ನಮ್ಮ ಸಿಕ್ಕಿಂನ ರಾಜ್ಯಪ್ರಾಣಿ.

ನದಿಯನ್ನು ಸೀಳಿದ ಮೀನಿನ ಮೂತಿ

ಕರಪತ್ರದ "ಸಂಸ್ಕೃತಿ" ಎಂದರೆ ಸಂಜೆಯ ಪ್ರದರ್ಶನ. ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದ ಹಾಡುನಾಟಕ, ಅಂದರೆ ಸಿಚುವಾನ್ ಒಪೆರಾದ ಮುಖ ಬದಲಿಸುವ ಕಲೆ ನೋಡತಕ್ಕದ್ದೇ. ಬಣ್ಣ ಬಳಿದ ತೆಳು ರೇಷ್ಮೆಯ ಮುಖವಾಡಗಳು ಒಂದರ ಮೇಲೊಂದು. ಬೀಸಣಿಗೆ ಮುಖದ ಮುಂದೆ ಸರಿದಷ್ಟರಲ್ಲಿ ಒಂದು ಹೋಗಿ ಇನ್ನೊಂದು ಬಂದಿರುತ್ತದೆ. ಆದರೆ ಚೆಂಗ್ಡು ಬಯಲಿನ ಸಂಸ್ಕೃತಿ ನಿಜಕ್ಕೂ ಕಾಣುವುದು 60 ಕಿಲೋಮೀಟರ್ ದೂರದ ದುಜಿಯಾಂಗ್ಯಾನ್‌ನಲ್ಲಿ. ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಎಂಬ ಅಧಿಕಾರಿ ಮಿನ್ ನದಿಗೆ ಮಾಡಿಸಿದ ನೀರಾವರಿ ಇವತ್ತಿಗೂ 6 ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರು ಕೊಡುತ್ತಿದೆ. ಅದರ ಮೂಲ ಯೋಜನೆಯಲ್ಲಿ ನದಿಗೆ ಅಡ್ಡ ಕಟ್ಟಿದ ಅಣೆಕಟ್ಟೆಯೇ ಇಲ್ಲ.

ಮೂರು ಭಾಗ. ಮೊದಲನೆಯದು ಮೀನಿನ ಮೂತಿ: ನದಿಯ ನಡುವೆ ಚೂಪಾಗಿ ಮುಂದೆ ಚಾಚಿದ ದಂಡೆ, ನೀರನ್ನು ಒಳನದಿ, ಹೊರನದಿ ಎಂದು ಸೀಳುತ್ತದೆ. ಒಳನದಿ ಕಿರಿದು, ಆಳ. ಹೊರನದಿ ಅಗಲ, ತೆಳು. ಚಳಿಗಾಲ, ವಸಂತದಲ್ಲಿ ನೀರು ಕಡಿಮೆ ಇದ್ದಾಗ ಆಳವಿರುವ ಒಳನದಿಗೆ ಸುಮಾರು ಶೇಕಡಾ 60 ಹೋಗುತ್ತದೆ, ಹೊಲಗಳಿಗೆ ಬೇಕಾದದ್ದು ಅದೇ. ಪ್ರವಾಹ ಬಂದಾಗ ಮಟ್ಟ ಏರಿ ಅಗಲವಿರುವ ಹೊರನದಿಯೇ ಹೆಚ್ಚಿನ ಪಾಲು ಒಯ್ಯುತ್ತದೆ. ಮೂಲ ಯೋಜನೆಯಲ್ಲಿ ಗೇಟಿಲ್ಲ, ಕಾವಲುಗಾರನಿಲ್ಲ, ನದಿಯ ತಳದ ಆಕಾರವೇ ಲೆಕ್ಕ ಮಾಡಿ ಹಂಚುತ್ತದೆ. ಎರಡನೆಯದು ಹಾರುಮರಳಿನ ತಗ್ಗು ಒಡ್ಡು: ಒಳನದಿಗೆ ಹೆಚ್ಚಾಗಿ ಬಂದ ನೀರು ಅದನ್ನು ದಾಟಿ ಹೊರನದಿಗೆ ಮರಳುತ್ತದೆ, ಸುಳಿಯುವ ರಭಸಕ್ಕೆ ಮರಳು, ಕಲ್ಲುಗಳನ್ನೂ ಎತ್ತಿ ಆಚೆ ಎಸೆಯುತ್ತದೆ. ಮೂರನೆಯದು ಬಾಟಲಿಯ ಕತ್ತು: ಗುಡ್ಡವನ್ನು ಸೀಳಿ ಮಾಡಿದ ಸುಮಾರು 20 ಮೀಟರ್ ಅಗಲದ ಕಿಂಡಿ. ಸಿಡಿಮದ್ದು ಇನ್ನೂ ಇಲ್ಲದ ಕಾಲ. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರು ಸುರಿದು ಸೀಳು ಬಿಡಿಸಿ ಒಡೆದರು, ವರ್ಷಗಟ್ಟಲೆ ಹಿಡಿಯಿತು.

ಹೊಳೆಯ ಸೆಳೆತಕ್ಕೆ ಮಣ್ಣಿನ ಏರಿ ನಿಲ್ಲುವುದಿಲ್ಲ. ಅದಕ್ಕೆ ಬಿದಿರಿನ ಉದ್ದನೆಯ ಬುಟ್ಟಿಗಳನ್ನು ಹೆಣೆದು, ಹೊಳೆಗಲ್ಲು ತುಂಬಿ, ಸಾಲಾಗಿ ಒಟ್ಟಿದರು. ನೀರು ಸಂದುಗಳಲ್ಲಿ ಹಾದುಹೋಗುವುದರಿಂದ ಒತ್ತಡ ಕಡಿಮೆ. ಬುಟ್ಟಿ ನೆಲಕ್ಕೆ ತಕ್ಕ ಹಾಗೆ ಬಾಗುತ್ತದೆ. ಕೊಳೆತರೆ ಹೊಸದು ಹೆಣೆದರಾಯಿತು. ಬೆಳಗ್ಗೆ ಪಾಂಡಾದ ಬಾಯಲ್ಲಿ ಕಂಡ ಬಿದಿರು ಇಲ್ಲಿ ನದಿಯ ದಂಡೆ. ಪ್ರತಿ ಚಳಿಗಾಲದಲ್ಲಿ ಒಳನದಿಯ ನೀರು ತಡೆದು ಹೂಳೆತ್ತುತ್ತಿದ್ದರು. ಎಷ್ಟು ಆಳಕ್ಕೆ ಅಗೆಯಬೇಕು ಎಂದು ತಿಳಿಯಲು ತಳದಲ್ಲಿ ಕಬ್ಬಿಣದ ದಿಂಡುಗಳನ್ನು ಹೂತಿದ್ದಾರೆ. ಗುದ್ದಲಿಗೆ ಕಬ್ಬಿಣ ತಾಗಿದರೆ ಸಾಕು, ನಿಲ್ಲಿಸು ಎಂದರ್ಥ. ಲಿ ಬಿಂಗ್‌ನ ಗುಡಿಯಲ್ಲಿ ಕೊರೆದಿರುವ ಆರು ಅಕ್ಷರಗಳೂ ಅದನ್ನೇ ಹೇಳುತ್ತವೆ: ತಳ ಆಳವಾಗಿ ತೋಡು, ಒಡ್ಡು ತಗ್ಗಾಗಿ ಕಟ್ಟು. ಗುಡ್ಡದ ಮೇಲಿನ ಗೋಪುರದ ಕಡೆಯಿಂದ ಮೊದಲು ನೋಡಿ ಆಮೇಲೆ ಇಳಿದರೆ ಮೂರೂ ಭಾಗ ಒಂದೇ ನೋಟಕ್ಕೆ ಅರ್ಥವಾಗುತ್ತವೆ. ಕೆಳಗಿನ ಉದ್ಯಾನದಿಂದ ಶುರುಮಾಡಿದ ಗುಂಪುಗಳು ಬರೀ ನೊರೆನೀರು ನೋಡಿ ಹೊರಡುತ್ತವೆ. ಇದೇ ಊರಿನ ಬಳಿ ಇನ್ನೊಂದು ಪಾಂಡಾ ಕೇಂದ್ರವಿದೆ, ಚೆಂಗ್ಡುವಿನಷ್ಟು ಜನಸಂದಣಿ ಇಲ್ಲ. ಬೆಳಗ್ಗೆ ಅಲ್ಲಿ ಪಾಂಡಾ, ಮಧ್ಯಾಹ್ನ ನೀರಾವರಿ ಎಂದು ಒಂದೇ ದಿನಕ್ಕೆ ಜೋಡಿಸಿದ ಸಂಸ್ಥೆ ಸಿಕ್ಕರೆ ಅದನ್ನೇ ಹಿಡಿಯಿರಿ.

ಚಹಾ, ಊಟ

ಚೆಂಗ್ಡುವಿನ ಪೀಪಲ್ಸ್ ಪಾರ್ಕಿನಲ್ಲಿ 1923ರಿಂದಲೂ ಇರುವ ಹೆಮಿಂಗ್ ಚಹಾಗೃಹಕ್ಕೆ ಗುಂಪುಗಳು ಅರ್ಧ ಗಂಟೆ ಕೊಡುತ್ತವೆ. ಸಾಲದು. ಬಿದಿರಿನ ಕುರ್ಚಿಯಲ್ಲಿ ಕೂತು ಎರಡು ಗಂಟೆ ಕಳೆಯುವುದೇ ಅಲ್ಲಿಯ ಪದ್ಧತಿ. ಒಂದು ಸಲ ಎಲೆ ಕೊಂಡರೆ ಬಿಸಿನೀರು ತುಂಬುತ್ತಲೇ ಇರುತ್ತಾರೆ. ಗೈವಾನ್ ಎಂದರೆ ತಟ್ಟೆ, ಬಟ್ಟಲು, ಮುಚ್ಚಳ. ಬಟ್ಟಲು ಮುಟ್ಟಿದರೆ ಕೈ ಸುಡುತ್ತದೆ, ತಟ್ಟೆಯನ್ನು ಹಿಡಿದೆತ್ತಬೇಕು. ಮುಚ್ಚಳದ ಅಂಚಿನಿಂದ ತೇಲುವ ಎಲೆಗಳನ್ನು ಹಿಂದೆ ತಳ್ಳಿ, ಸ್ವಲ್ಪ ಓರೆ ಮಾಡಿ, ಆ ಸಂದಿನಿಂದ ಹೀರಬೇಕು. ಮುಚ್ಚಳವನ್ನು ತೆಗೆದು ತಟ್ಟೆಗೆ ಒರಗಿಸಿಟ್ಟರೆ ನೀರು ಬೇಕೆಂದು ಅರ್ಥ, ಕೂಗಬೇಕಿಲ್ಲ. ಮಲ್ಲಿಗೆ ಸುವಾಸನೆಯ ಹಸಿರು ಚಹಾ ಆ ಊರಿನ ಮೆಚ್ಚು. ಕಬ್ಬಿಣದ ಚಿಮಟ ಝಣ್ ಎನಿಸುತ್ತಾ ಸುತ್ತುವವರು ಕಿವಿ ಶುಚಿ ಮಾಡುವವರು. ಬೇಕಿದ್ದರೆ ಮೊದಲು ದರ ಕೇಳಿ.

ಸಸ್ಯಾಹಾರಿಗಳಿಗೆ ಅಲ್ಲಿ ತೊಂದರೆ ಕಣ್ಣಿಗೆ ಕಾಣದ ಕಡೆ ಇರುತ್ತದೆ. ತರಕಾರಿ ಪಲ್ಯಕ್ಕೆ ಹಂದಿ ಕೊಬ್ಬು, ಸಾರಿಗೆ ಕೋಳಿ ಪುಡಿ, ಹುರಿದ ಹುರುಳಿಕಾಯಿಗೆ ಕೊಚ್ಚಿದ ಮಾಂಸ, ಮಾಪೋ ತೋಫು ಎಂಬ ಸೋಯಾ ಪನೀರಿನ ಖಾದ್ಯಕ್ಕೂ ಅದೇ, ಮೇಜಿನ ಮೇಲೇ ಕುದಿಸಿಕೊಂಡು ತಿನ್ನುವ ಹಾಟ್‌ಪಾಟ್‌ನ ಕೆಂಪು ಸಾರಿಗೆ ದನದ ಕೊಬ್ಬು. "ಮಾಂಸ ಬೇಡ" ಎಂದರೆ ತುಂಡು ತೆಗೆದು ಬಡಿಸುತ್ತಾರೆ, ಅಷ್ಟೇ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಪ್ರಾಣಿ ಕೊಬ್ಬು, ಕೋಳಿ ಪುಡಿ, ಸಿಂಪಿ ಸಾಸ್ ಯಾವುದೂ ಬೇಡ ಎಂದು ಒಂದೊಂದನ್ನೂ ಹೆಸರಿಸಿ ಚೀನೀ ಅಕ್ಷರದಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ. ಬೌದ್ಧ ಮಠಗಳ ಊಟ ಮಾತ್ರ ನಂಬಿ ಉಣ್ಣಬಹುದು. ಚೆಂಗ್ಡುವಿನ ವೆನ್‌ಶು ಮಠದಲ್ಲಿ ಅಂಥ ಊಟದ ಮನೆ ಇದೆ. ಬೌದ್ಧರ ಕಟ್ಟುನಿಟ್ಟಿನ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ, ಇದು ನಮ್ಮಲ್ಲಿ ಎಷ್ಟೋ ಹಿರಿಯರಿಗೆ ನೆಮ್ಮದಿಯ ಸುದ್ದಿ. ಇನ್ನು ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು: ಕರಾವಳಿಯವರು, ಮಲೆನಾಡಿನವರು ಒಂದು ಸಿಪ್ಪೆ ಕಚ್ಚಿದೊಡನೆ ಗುರುತಿಸುತ್ತಾರೆ. ಅದು ನಮ್ಮ ಜುಮ್ಮನಕಾಯಿಯ, ಕೊಂಕಣಿಗರ ತೆಪ್ಪಲದ, ಅದೇ ಕುಲದ ಗಿಡ.

ಗುಂಪಿನ ಕಟ್ಟುಪಾಡು

ಗುಂಪಿನ ವೀಸಾ ಅಗ್ಗ, ಆದರೆ ಅದು ಎಲ್ಲರ ಹೆಸರಿರುವ ಒಂದೇ ಪಟ್ಟಿ. ಒಟ್ಟಿಗೆ ಒಳಹೋಗಿ ಒಟ್ಟಿಗೆ ಹೊರಬರಬೇಕು. ಮಧ್ಯದಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಬಿಡಿಸಿಕೊಳ್ಳುವುದು ತಲೆನೋವು. ವಯಸ್ಸಾದವರಿಗೆ ಬಿಡಿ ವೀಸಾವೇ ಕ್ಷೇಮ. ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿ ಬಿಡಬೇಡಿ, ಪ್ರತಿ ಟಿಕೆಟ್ಟೂ ಅದಕ್ಕೇ ಅಂಟಿಕೊಂಡಿದೆ. ಟಿಕೆಟ್ ತೆಗೆದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದರೆ ಸಂಖ್ಯೆ ಬದಲಾಗಿ ಗೇಟಿನಲ್ಲಿ ತಡೆಯುತ್ತಾರೆ. ಬೀಜಿಂಗ್ ಅರಮನೆಗೆ ಸೋಮವಾರ ರಜೆ, ಟಿಕೆಟ್ ಏಳು ದಿನ ಮೊದಲು ಬಿಡುಗಡೆ. ನಿಮ್ಮ ಬೀಜಿಂಗ್ ದಿನ ಸೋಮವಾರ ಬೀಳದಂತೆ ನೋಡಿಕೊಳ್ಳಿ.

ಅಂಗಡಿಯಲ್ಲಿ ನಗದು ಕಡಿಮೆ, ಫೋನೇ ಎಲ್ಲ. ಅಲಿಪೇ ಎಂಬ ಪಾವತಿ ಆ್ಯಪಿಗೆ ನಮ್ಮ ವೀಸಾ, ಮಾಸ್ಟರ್ ಕಾರ್ಡನ್ನು ಊರಲ್ಲೇ ಸೇರಿಸಿಕೊಳ್ಳಬೇಕು. ಒಂದು ಬಾರಿಗೆ 200 ಯುವಾನ್ ಮೀರಿದರೆ ಶೇಕಡಾ 3 ಶುಲ್ಕ. ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ವಹಿವಾಟು ತೆರೆಯದಿದ್ದರೆ, ಓಟಿಪಿ ಬರಲು ಊರಿನ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಕಾರ್ಡ್ ಸುಮ್ಮನೆ ಕೂರುತ್ತದೆ. ಹೋಟೆಲಿನ ವೈಫೈನಲ್ಲಿ ವಾಟ್ಸಾಪ್, ಗೂಗಲ್ ನಡೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ನಡೆಯುತ್ತದೆ.

ದರ ತೀರ ಕಡಿಮೆ ಇದ್ದರೆ ರೇಷ್ಮೆ, ಜೇಡ್ ಕಲ್ಲು, ಚಹಾ, ಔಷಧಿ ಅಂಗಡಿಗಳ ನಿಲುಗಡೆಯಲ್ಲಿ ಆ ದುಡ್ಡು ವಸೂಲಾಗುತ್ತದೆ. ದುಡ್ಡಿಗಿಂತ ದೊಡ್ಡ ನಷ್ಟ ಸಮಯದ್ದು, ಒಂದೊಂದು ಅಂಗಡಿ ಒಂದೂವರೆ ಗಂಟೆ ನುಂಗುತ್ತದೆ. ಪಾಂಡಾದ ಬೆಳಗು ಹೋಗುವುದು ಎಷ್ಟೋ ಸಲ ಇಲ್ಲೇ. 2013ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಚೀನಾದ ಪ್ರವಾಸೋದ್ಯಮ ಕಾನೂನಿನ 35ನೇ ವಿಧಿ ಬಲವಂತದ ಖರೀದಿ ನಿಲುಗಡೆಗಳನ್ನು ನಿಷೇಧಿಸಿದೆ. ಅಂಗಡಿ ನಿಲುಗಡೆ ಎಷ್ಟು ಎಂದು ಮೊದಲೇ ಕೇಳಿ, ಶೂನ್ಯ ಎಂದು ಬರೆಸಿಕೊಳ್ಳಿ.

ಶಿಯಾನ್‌ನಿಂದ ಚೆಂಗ್ಡುವಿಗೆ ವಿಮಾನ ಬೇಡ, ರೈಲು ಕೇಳಿ. 2017ರ ಡಿಸೆಂಬರ್‌ನಲ್ಲಿ ತೆರೆದ ಈ ವೇಗದ ಮಾರ್ಗ 650 ಕಿಲೋಮೀಟರ್ ಚಿಲ್ಲರೆ, ಮೂರೂವರೆ ನಾಲ್ಕು ಗಂಟೆ. ಹೊರಡುವ ಐದು ನಿಮಿಷ ಮೊದಲು ಗೇಟು ಮುಚ್ಚುತ್ತದೆ. ಹಣ್ಣು ಹೆಚ್ಚುವ ಚಾಕು ತಪಾಸಣೆಯಲ್ಲೇ ಹೋಗುತ್ತದೆ. ಶಿಯಾನ್ ಬಿಟ್ಟ ಸ್ವಲ್ಪ ಹೊತ್ತಿಗೆ ಸುರಂಗದ ಮೇಲೆ ಸುರಂಗ ಬರುತ್ತದೆ, ಎಲ್ಲರೂ ಫೋನಿಗೆ ತಲೆ ತಗ್ಗಿಸುತ್ತಾರೆ. ಹೊರಗಿರುವುದು ಚಿನ್‌ಲಿಂಗ್ ಪರ್ವತ. ನಾಲ್ಕನೇ ಗಣತಿಯಲ್ಲಿ ಶಾನ್ಶಿ ಪ್ರಾಂತ್ಯದಲ್ಲಿ ಎಣಿಸಿದ 345 ಕಾಡು ಪಾಂಡಾಗಳು ಇರುವುದು ಈ ಬೆಟ್ಟಗಳಲ್ಲೇ. ಕಪ್ಪಿನ ಬದಲು ಕಂದು ಬಣ್ಣದ ಅಪರೂಪದ ಪಾಂಡಾಗಳು ಕಂಡದ್ದೂ ಇಲ್ಲೇ. ಸುರಂಗಗಳ ನಡುವೆ ಕಿಟಕಿ ಕ್ಷಣಕಾಲ ಹಸಿರಾಗುತ್ತದೆ. ಫೋಪಿಂಗ್ ಎಂಬ ಸಣ್ಣ ನಿಲ್ದಾಣದಲ್ಲಿ ಕೆಲವು ರೈಲುಗಳು ಒಂದೆರಡು ನಿಮಿಷ ನಿಲ್ಲುತ್ತವೆ. ನಿಮ್ಮದು ನಿಂತರೆ ಫೋನು ಕೆಳಗಿಟ್ಟು ಆ ಇಳಿಜಾರಿನ ಬಿದಿರನ್ನು ನೋಡಿ.